ಕಂಡಕ್ಟರಣ್ಣನ ಕಕ್ಕಸ್ಸಿನ ಗಾಡಿ

ಚಿಕ್ಕಬಳ್ಳಾಪುರದ ನಮ್ಮ ಬೀದಿಯ ಕೊನೆಯಲ್ಲಿ, ಹೊಂಗೆಮರದ ಕೆಳಗೆ, ಹಳೆಯ ಶಾಲಾ ಮಿನಿಬಸ್ಸೊಂದು ನಿಂತಿದೆ. ಹಳದಿಯ ಮೇಲೆ ನೀಲಿ ಬಳಿದದ್ದು. ಈಗ ಬಿಸಿಲಿಗೆ ನೀಲಿ ಉದುರಿ ಹಳದಿ ಮತ್ತೆ ಇಣುಕುತ್ತಿದೆ. ಅದರ ಒಡೆಯರು ಹೋದ ಕಾರ್ತೀಕದಲ್ಲಿ ತೀರಿಕೊಂಡರು. ತಿಥಿಗೆ ಬಂದ ನೆಂಟರೆಲ್ಲ ಊಟ ಮುಗಿಸಿ ಕೈ ತೊಳೆಯುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಆ ಕಕ್ಕಸ್ಸಿನ ಗಾಡಿ ಏನ್ ಮಾಡ್ತೀರಿ?" ಅಷ್ಟು ದೊಡ್ಡ ಮನುಷ್ಯನ ಬಗ್ಗೆ ಕೇಳಲು ಇವರಿಗೆ ಬೇರೇನೂ ಸಿಗಲಿಲ್ಲವೇ ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತಿದ್ದೇನೆ. ಬರೆಯುತ್ತಾ ನಗು ಬಂದರೆ ಅದು ನನ್ನ ತಪ್ಪಲ್ಲ, ತೀರಿಕೊಂಡ ಆ ಮನುಷ್ಯನದು.

ಅವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಬೀದಿಗೆಲ್ಲ ಕಂಡಕ್ಟರಣ್ಣ. ಕುಳ್ಳನೆಯ ಆಳು, ಮುಂದೆ ಪುಟ್ಟ ಹೊಟ್ಟೆ, ಕಿವಿಯ ಮೇಲೆ ಪೆನ್ನು. ನಿವೃತ್ತಿಯಾದ ಮೇಲೂ ಖಾಕಿ ಅಂಗಿಯನ್ನು ಬಿಡಲಿಲ್ಲ, ಕತ್ತಿನಲ್ಲಿ ನೇತಾಡುವ ಸೀಟಿಯನ್ನೂ ಬಿಡಲಿಲ್ಲ. ತರಕಾರಿ ಮಾರುವವನನ್ನು ನಿಲ್ಲಿಸಬೇಕಾದರೆ "ಹೋಲ್ಡಾನ್!" ಎಂದು ಕೂಗುತ್ತಿದ್ದರು. ವ್ಯಾಪಾರ ಮುಗಿದರೆ "ರೈಟ್." ಮದುವೆ ಮನೆಯಲ್ಲಿ ಊಟದ ಬಾಗಿಲಿಗೆ ಜನ ಮುತ್ತಿಕೊಂಡರೆ ಇವರು ಹಿಂದಿನಿಂದ "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಇದೆ" ಎಂದು ಶುರು ಮಾಡುತ್ತಿದ್ದರು. ಜನ ಬೈದುಕೊಂಡೇ ಒಳಗೆ ಹೋಗುತ್ತಿದ್ದರು, ನಿಜವಾಗಿಯೂ ಹಿಂದೆ ಜಾಗ ಇರುತ್ತಿತ್ತು.

ಸರ್ವೀಸಿನ ಬಹುಪಾಲು ಅವರದು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಹಾದು ಕೆಂಚಾರ್ಲಹಳ್ಳಿಗೆ ಹೋಗುವ ಬಸ್ಸು. ಡ್ರೈವರ್ ಶಿಡ್ಲಘಟ್ಟದ ಬಾಷಾ ಸಾಬ್. ಆ ಬಸ್ಸಿಗೆ ಒಂದು ಕೆಟ್ಟ ಹೆಸರಿತ್ತು: ಎಂದೂ ಟೈಮಿಗೆ ಬರುವುದಿಲ್ಲ. ಕಾರಣ ಇಷ್ಟೇ. ಯಾವ ಹೆಂಗಸಾದರೂ ಸೀಟಿನಲ್ಲಿ ಚಡಪಡಿಸುತ್ತಾ ಕಿಟಕಿಯಾಚೆ ನೋಡುತ್ತಿದ್ದರೆ ಇವರಿಗೆ ಗೊತ್ತಾಗಿಬಿಡುತ್ತಿತ್ತು. ಅವಳ ಬಾಯಿಂದ ಹೇಳಿಸುತ್ತಿರಲಿಲ್ಲ. ಮರೆ ಇರುವ ಕಡೆ ಸೀಟಿ ಊದಿ, "ಟೈರ್ ಚೆಕ್ ಮಾಡ್ಬೇಕು, ಇಳಿಯೋರು ಇಳೀಬಹುದು" ಎನ್ನುತ್ತಿದ್ದರು. ಬಾಷಾ ಸಾಬ್ ಇಳಿದು, ನೆಟ್ಟಗಿರುವ ಟೈರನ್ನು ಗಂಭೀರವಾಗಿ ಒದೆಯುತ್ತಿದ್ದರು. ಹೆಂಗಸರು ಮರೆಯಿಂದ ಬಂದು ಕೂತ ಮೇಲೆ ಎರಡು ಸೀಟಿ. ಗಂಡಸರು ಗೊಣಗಿದರೆ ಇವರದು ಒಂದೇ ಉತ್ತರ: "ಟಿಕೆಟ್ ಇಲ್ದೆ ಯಾರೂ ಕೂರಬಾರದು, ತಡ್ಕೊಂಡೂ ಯಾರೂ ಕೂರಬಾರದು."

ಹೀಗೆ ಊರ ಹೆಂಗಸರಿಗೆಲ್ಲ ಬಸ್ಸು ನಿಲ್ಲಿಸಿದ ಈ ಮನುಷ್ಯನ ಹೆಂಡತಿ ಸುಶೀಲಕ್ಕ ಮಾತ್ರ ಬಸ್ಸು ಹತ್ತಿ ವರ್ಷಗಳಾಗಿದ್ದವು. ಆಕೆಗೆ ಸಕ್ಕರೆ ಕಾಯಿಲೆ, ಜೊತೆಗೆ ಅರ್ಧ ಗಂಟೆ ತಡೆಯಲಾಗದ ತೊಂದರೆ. ಎಲ್ಲಿಗಾದರೂ ಹೊರಡಬೇಕಾದರೆ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟು, ತಲೆ ಸುತ್ತಿ, ಕೊನೆಗೆ ಹೋಗುವುದೇ ಬೇಡ ಎಂದು ಕೂರುತ್ತಿದ್ದರು. ಈ ವಿಷಯ ಗೊತ್ತಿದ್ದದ್ದು ಗಂಡನಿಗೆ, ಪಕ್ಕದ ಮನೆಯ ನನಗೆ. "ಬಸ್ಸು ನಿಲ್ಲಿಸ್ತೀನಿ ಬಾರೇ" ಎಂದು ಅವರೆಂದರೆ ಈಕೆ, "ಕಂಡಕ್ಟರ್ ಹೆಂಡ್ತಿ ಅಂತ ಬಸ್ಸಿಗೆಲ್ಲ ಗೊತ್ತು. ಎಲ್ಲರ ಮುಂದೆ ಇಳಿದು ಮರೆಗೆ ಹೋಗ್ಲಾ? ಊರಿಗೆ ಉಪಕಾರಿ, ಮನೆಗೆ ಮಾರಿ ನೀವು" ಎನ್ನುತ್ತಿದ್ದರು.

ಆಕೆಯ ಸಂಕಟವೆಲ್ಲ ಇದ್ದದ್ದು ಕೆಂಚಾರ್ಲಹಳ್ಳಿಯ ತಂಗಿ ಲಕ್ಷ್ಮೀದೇವಿಯ ವಿಷಯದಲ್ಲಿ. ಒಡಹುಟ್ಟಿದವರೆಂದು ಉಳಿದದ್ದು ಅವಳೊಬ್ಬಳೇ. ಮುಖ ನೋಡಿ ಎಷ್ಟೋ ವರ್ಷ. ತಂಗಿಗೆ ಈಕೆ ಹೇಳಿ ಕಳಿಸುತ್ತಿದ್ದ ನೆಪ ಮಂಡಿನೋವು. ಅತ್ತ ತಂಗಿಯನ್ನು ಕರೆದರೆ ಬರುತ್ತಿದ್ದ ಉತ್ತರ, "ಮನೇಲಿ ಹುಳ ಇದೆ." ಅವರದು ರೇಷ್ಮೆ ಸಾಕುವ ಮನೆ. ಒಂದು ಬೆಳೆ ಮುಗಿದರೆ ಇನ್ನೊಂದು ಮೊಟ್ಟೆ ತಂದಿರುತ್ತಾರೆ, ಹಾಗಾಗಿ ಆ ನೆಪ ಯಾವ ಕಾಲಕ್ಕೂ ಸುಳ್ಳಾಗುತ್ತಿರಲಿಲ್ಲ. ನಮ್ಮ ಕಂಡಕ್ಟರಣ್ಣ ಅಕ್ಕನ ಒಬ್ಬಟ್ಟನ್ನು ಅತ್ತ, ತಂಗಿಯ ಅವರೆಕಾಯನ್ನು ಇತ್ತ, ಜೊತೆಗೆ ಮಂಡಿನೋವನ್ನೂ ಹುಳವನ್ನೂ ಬಸ್ಸಿನಲ್ಲಿ ಹೊತ್ತುಕೊಂಡು ಓಡಾಡಿದರು. "ಒಂದು ಸಲ ಬಂದು ಹೋಗೋಕೆ ಆಗಲ್ವಂತಾ ಅವಳಿಗೆ? ಸೊಕ್ಕು ಕಣಮ್ಮ, ರೇಷ್ಮೆ ದುಡ್ಡಿನ ಸೊಕ್ಕು" ಎಂದು ಸುಶೀಲಕ್ಕ ನನ್ನ ಹತ್ತಿರ ಅತ್ತದ್ದುಂಟು.

ನಿವೃತ್ತಿಯಾದ ವರ್ಷ ನಂದಿಯ ಹತ್ತಿರ ಯಾವುದೋ ಸಿನಿಮಾ ಶೂಟಿಂಗ್ ನಡೆಯಿತು. ನಾಯಕಿಯ ಕ್ಯಾರವಾನ್ ಓಡಿಸುತ್ತಿದ್ದವನು ಬಾಷಾ ಸಾಬರ ಷಡ್ಡಕ. ಅವನ ಕೃಪೆಯಿಂದ ಇಬ್ಬರೂ ಒಳಗೆ ಹೋಗಿ ನೋಡಿ ಬಂದರು. ಊರೆಲ್ಲ ನಾಯಕಿ ಹೇಗಿದ್ದಳು ಎಂದು ಕೇಳಿದರೆ ಇವರು, "ಅವಳನ್ನ ಯಾರು ನೋಡಿದ್ರು? ಒಳಗೆ ಕಕ್ಕಸ್ಸಿದೆ ಕಣ್ರೀ! ಬಾಗಿಲು, ಚಿಲಕ, ಎಲ್ಲಾ ಇದೆ!" ಎಂದು ಕಣ್ಣರಳಿಸಿದರು. ತಿಂಗಳೊಳಗೆ ಗುಜರಿಗೆ ಹೊರಟಿದ್ದ ಶಾಲಾ ಮಿನಿಬಸ್ಸು ಮನೆ ಮುಂದೆ ಬಂದು ನಿಂತಿತು. ಸೀಟುಗಳನ್ನು ಕಿತ್ತು, ಎರಡು ಮಂಚ, ಒಂದು ಒಲೆ, ಹಿಂದಿನ ಎಡಮೂಲೆಯಲ್ಲಿ ಬೀರುವಿನಷ್ಟು ಅಗಲದ ಕೋಣೆ. ಅದರೊಳಗೆ ಕಮೋಡು. ಕಮೋಡಿನ ಕೆಳಗೆ, ಹೊರಗಿನಿಂದ ಎಳೆದು ತೆಗೆಯುವಂಥ, ಹಿಡಿಯಿರುವ ಬಿಳಿ ಪ್ಲಾಸ್ಟಿಕ್ ಟ್ಯಾಂಕು. ಆ ಟ್ಯಾಂಕಿಗೆ ಇವರು ಇಟ್ಟ ಹೆಸರು "ಲಗೇಜು."

ಬೀದಿಯ ವಾಸ್ತು ಪಂಡಿತರೊಬ್ಬರು ಬಂದು, ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದ ಗಾಡಿಯನ್ನು ಸುತ್ತು ಹಾಕಿ, "ಈಶಾನ್ಯದಲ್ಲಿ ಶೌಚ ಬಂದಿದೆ, ಮನೆಗೆ ಒಳ್ಳೇದಲ್ಲ" ಎಂದರು. ಇವರು ಕಿವಿಯ ಪೆನ್ನು ತೆಗೆದು ಗಾಳಿಯಲ್ಲೇ ನಕ್ಷೆ ಬರೆದರು. "ಸ್ವಾಮಿ, ಬೆಂಗಳೂರಿಗೆ ಹೊರಟ್ರೆ ಈಶಾನ್ಯ. ಚಿಂತಾಮಣಿ ಕಡೆ ತಿರುಗಿಸಿದ್ರೆ ಅದೇ ವಾಯವ್ಯ. ನಾನು ಹೋಗ್ತಿರೋದು ಚಿಂತಾಮಣಿಗೆ. ನಿಮಗೆ ಎಲ್ಲಿಗೆ ಟಿಕೆಟ್ ಕೊಡ್ಲಿ?" ಪಂಡಿತರು ಕಾಫಿ ಕುಡಿದು ಹೊರಟರು.

ಕಕ್ಕಸ್ಸಿಗೆ ಕಾನೂನುಗಳಿದ್ದವು. ಗಾಡಿ ಹೊರಡುವ ಮೊದಲು ಲಗೇಜು ಖಾಲಿ ಮಾಡಿರಬೇಕು. ಕಮೋಡಿನ ಬೋಗುಣಿಯಲ್ಲಿ ಒಂದು ತೊಟ್ಟೂ ನೀರು ನಿಂತಿರಬಾರದು, ಹಂಪ್ ಹಾರಿದರೆ ಕಾಲಿಗೆ ಚೆಲ್ಲುತ್ತದೆ. ಬೋಗುಣಿಗೂ ಟ್ಯಾಂಕಿಗೂ ನಡುವೆ ಇರುವ ತಟ್ಟೆಯಂಥ ಮುಚ್ಚಳ ಬಿಗಿಯಾಗಿ ಎಳೆದಿರಬೇಕು. ಓಡುವ ಗಾಡಿಯಲ್ಲಿ ಯಾರೂ ಒಳಗೆ ಹೋಗುವಂತಿಲ್ಲ. ಇವನ್ನು ಅವರು ಪ್ರತಿ ಸಲವೂ ಬಾಗಿಲಲ್ಲಿ ನಿಂತು ಕೂಗಿ ಹೇಳುತ್ತಿದ್ದರು. "ಲಗೇಜ್ ಖಾಲಿ! ನೀರು ಇಲ್ಲ! ಮುಚ್ಚಳ ಬಿಗಿ! ಚಿಲಕ ಹಾಕಿದೆ! ರೈಟ್, ರೈಟ್!" ಬೀದಿಯ ಎಳೆಯ ಮಕ್ಕಳು ಅದನ್ನೇ ಆಟದಲ್ಲಿ ಕೂಗಲು ಶುರು ಮಾಡಿ, ತಾಯಂದಿರು ಬಂದು ನನ್ನಲ್ಲಿ ದೂರು ಕೊಟ್ಟರು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು, ಉಚ್ಚಾರಣೆ ಚೆನ್ನಾಗಿದೆ ಎಂದು ಹೇಳಿ ಕಳಿಸಿದೆ.

ಇಷ್ಟಾದರೂ ಸುಶೀಲಕ್ಕ ಹತ್ತಲಿಲ್ಲ. "ಮೊದ್ಲು ನೀವು ಎಲ್ಲಾದ್ರೂ ಹೋಗಿ ಸುಸೂತ್ರವಾಗಿ ಬನ್ನಿ. ಆಮೇಲೆ ನೋಡಣ" ಎಂದರು. ಗೌರಿಬಿದನೂರಿನಲ್ಲಿ ನನ್ನ ಚಿಕ್ಕಪ್ಪನ ಮೊಮ್ಮಗಳ ಮದುವೆಯಿತ್ತು. ಪರೀಕ್ಷೆಗೆಂದು ನನ್ನನ್ನೂ ಬಾಷಾ ಸಾಬರನ್ನೂ ಕರೆದುಕೊಂಡು ಹೊರಟರು. ಹೋಗುವಾಗ ಎಲ್ಲ ಸರಿಯಿತ್ತು. ಛತ್ರದ ಮುಂದೆ ಗಾಡಿ ನಿಂತದ್ದೇ ತಡ, ನಮ್ಮ ಕಡೆಯ ಮುದುಕಿಯರಿಗೆಲ್ಲ ಸುದ್ದಿ ಹಬ್ಬಿ, ಧಾರೆ ಮುಗಿಯುವುದರೊಳಗೆ ಲಗೇಜು ತುಂಬಿತು. ವಾಪಸ್ಸು ಹೊರಡುವ ಮೊದಲು ಖಾಲಿ ಮಾಡಲೇಬೇಕು, ಕಾನೂನು. ಛತ್ರದ ಕಕ್ಕಸ್ಸು ಹಿಂದುಗಡೆ, ಅಡುಗೆಮನೆ ದಾಟಿ. ಇವರು ಟ್ಯಾಂಕಿನ ಮೇಲೆ ಶುಭ್ರವಾದ ಟವೆಲ್ ಹೊದಿಸಿ, ಎರಡೂ ಕೈಯಲ್ಲಿ ಹಿಡಿದು, ಜೋಪಾನವಾಗಿ ಹೆಜ್ಜೆ ಹಾಕುತ್ತಾ ಒಳಗೆ ಬಂದರು.

ಹೆಣ್ಣಿನ ಸೋದರಮಾವ ಎದುರು ಬಂದ. ಖಾಕಿ ಅಂಗಿ ನೋಡಿ ಗಂಡಿನ ಕಡೆಯ ಯಾರೋ ಡ್ರೈವರ್ ಎಂದುಕೊಂಡನೋ ಏನೋ, "ಅಯ್ಯಯ್ಯೋ, ಬೀಗರ ಕಡೆಯೋರು ನೀವು ಹೊರಬಾರದು, ಕೊಡಿ ಸ್ವಾಮಿ" ಎಂದು ಕಿತ್ತುಕೊಂಡ. ಇವರು "ಬೇಡಪ್ಪ, ಬೇಡ" ಎಂದಷ್ಟೂ ಅವನ ಮರ್ಯಾದೆ ಜಾಸ್ತಿಯಾಯಿತು. ಭಾರ ನೋಡಿ, "ಚಿರೋಟಿಗೆ ಬಾದಾಮಿ ಹಾಲಾ?" ಎಂದು ಕೇಳಿ, ನೆಟ್ಟಗೆ ಅಡುಗೆಮನೆಗೇ ಒಯ್ದ. ಅಡುಗೆ ಭಟ್ಟರು ಸೌಟು ತೆಗೆದುಕೊಂಡು ಎದ್ದರು. ಆಗ ಹಿಂದಿನಿಂದ ಬಂತು ನೋಡಿ, "ಹೋಲ್ಡಾನ್!" ಅಂಥ ಹೋಲ್ಡಾನ್ ನಾನು ಜನ್ಮದಲ್ಲಿ ಕೇಳಿರಲಿಲ್ಲ. ಭಟ್ಟರ ಸೌಟು ಗಾಳಿಯಲ್ಲೇ ನಿಂತಿತು. ಓಲಗದವರೂ ನಿಲ್ಲಿಸಿದರು. ಇವರು ಬೆವರು ಒರೆಸಿಕೊಂಡು, "ಇದು ಮುಂದಿನ ಸ್ಟಾಪಿಗೆ ಹೋಗೋ ಲಗೇಜು" ಎಂದು ಹೇಳಿ, ಎತ್ತಿಕೊಂಡು, ಹಿಂದಿನ ಬಾಗಿಲಿಂದ ನಡೆದರು. ಚಿರೋಟಿಗೆ ಆ ದಿನ ನಾನು ಹಾಲು ಹಾಕಿಸಿಕೊಳ್ಳಲಿಲ್ಲ.

ಇದನ್ನು ನಾನು ಸುಶೀಲಕ್ಕನಿಗೆ ಅಭಿನಯ ಸಮೇತ ಹೇಳಿದೆ. ಆಕೆ ಅಡುಗೆಮನೆಯ ನೆಲದ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಷ್ಟು ವರ್ಷ ಪಿಸುಮಾತಿನಲ್ಲೂ ಆಡಲು ಹೆದರುತ್ತಿದ್ದ ವಿಷಯಕ್ಕೆ ಆಕೆ ನಕ್ಕಿದ್ದು ಅದೇ ಮೊದಲು. ನಗು ನಿಂತ ಮೇಲೆ ಗಂಡನ ಕಡೆ ತಿರುಗಿ, "ಹೋಗಣ ನಡೀರಿ. ಲಕ್ಷ್ಮೀನ ನೋಡ್ಕೊಂಡು ಬರಣ. ಅವಳು ಬರದಿದ್ರೆ ಬೇಡ, ನಾನೇ ಹೋಗ್ತೀನಿ" ಎಂದರು. ಕಂಡಕ್ಟರಣ್ಣ ಖುಷಿಗೆ ಹಿತ್ತಿಲಿಗೆ ಹೋಗಿ ಸುಮ್ಮಸುಮ್ಮನೆ ಸೀಟಿ ಊದಿದರು.

ಒಂದೇ ಒಂದು ತಕರಾರು ಉಳಿಯಿತು. ಟ್ಯಾಂಕಿಗೆ ವಾಸನೆ ಬಾರದಿರಲೆಂದು ಹಾಕುತ್ತಿದ್ದ ನೀಲಿ ಔಷಧಿ ಸುಶೀಲಕ್ಕನಿಗೆ ಆಗುತ್ತಿರಲಿಲ್ಲ. "ಆಸ್ಪತ್ರೆ ವಾಸನೆ, ಒಳಗೆ ಕೂತ್ರೆ ಯಾರೋ ಸತ್ತಂಗಾಗುತ್ತೆ" ಎಂದರು. ಹೆಂಡತಿ ಇಷ್ಟು ಒಪ್ಪಿದ್ದೇ ಹೆಚ್ಚು, ಈಗ ಒಂದು ವಾಸನೆಗೆ ಕೆಡಬಾರದು ಎಂದು ಇವರು ಯೋಚನೆಗೆ ಬಿದ್ದರು. ಸಾವಯವ ಕೃಷಿಯವರು ಗಿಡಗಳಿಗೆ ಹಾಕುವ ಜೀವಾಮೃತ ನೆನಪಾಯಿತು. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ಅದು ಎಂಥ ಕಸವನ್ನೂ ತಿಂದು ಗೊಬ್ಬರ ಮಾಡುತ್ತದೆಯಂತೆ. "ಟೀಚರಮ್ಮ, ಎಲ್ಲಾ ನಮ್ಮ ಹಸುವಿನದೇ. ಮಡಿಗೆ ಮಡಿ, ಗೊಬ್ಬರಕ್ಕೆ ಗೊಬ್ಬರ" ಎಂದರು. ಬೆಲ್ಲವನ್ನು ಧಾರಾಳವಾಗಿ ಹಾಕಿದರು. ಜೀವಾಮೃತವನ್ನು ಗೋಣಿಚೀಲ ಹೊದಿಸಿ ಗಾಳಿಯಾಡಲು ಬಿಡಬೇಕು, ದಿನವೂ ಕದಡಬೇಕು ಎಂಬುದು ಹೊಲ ಮಾಡುವ ಯಾರಿಗೆ ಬೇಕಾದರೂ ಗೊತ್ತು. ಇವರಿಗೂ ಗೊತ್ತಿತ್ತು. ಆದರೆ ಕಾನೂನು ಕಾನೂನೇ. ಹುಳಿಯುತ್ತಿದ್ದ ಆ ಅಮೃತವನ್ನು ಟ್ಯಾಂಕಿಗೆ ಸುರಿದು, "ಮುಚ್ಚಳ ಬಿಗಿ!" ಎಂದು ಕೂಗಿ ಎಳೆದರು.

ಬೇಸಿಗೆ ಶುರುವಾಗಿತ್ತು. ಸುಶೀಲಕ್ಕ ಇಳಕಲ್ ಸೀರೆ ಉಟ್ಟು, ತಂಗಿಗೆಂದು ಒಬ್ಬಟ್ಟಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು, ನನ್ನ ಕೈ ಹಿಡಿದು ಕೂತರು. ಶಿಡ್ಲಘಟ್ಟ ದಾಟಿದ ಮೇಲೆ ಹುಣಸೆಮರಗಳ ನೆರಳಲ್ಲಿ ಗಾಡಿ ನಿಲ್ಲಿಸಿ ಒಮ್ಮೆ ಒಳಗೆ ಹೋಗಿ ಬಂದರು. ಬಂದವರ ಮುಖ ನೋಡಬೇಕಿತ್ತು. "ಏನೂ ಆಗ್ಲಿಲ್ಲ ಕಣೇ!" ಎಂದರು, ಏನೋ ಆಗಬೇಕಿತ್ತು ಎಂಬಂತೆ. ಕಂಡಕ್ಟರಣ್ಣ ಮತ್ತೆ ಮುಚ್ಚಳ ಬಿಗಿದರು, ಈಕೆ ನೀರಿನ ಬಾಟಲಿ ತೆಗೆದು ಗಟಗಟ ಕುಡಿದರು. ಮುಂದೆ ಬಾಷಾ ಸಾಬ್ ಬೇಕೆಂದೇ ನಿಧಾನ ಓಡಿಸುತ್ತಾ, "ಎಲ್ಲಿ ಬೇಕಾದ್ರೂ ಹೇಳಿ ಭಾಭಿ, ಟೈರ್ ಒದೀತೀನಿ" ಎಂದರು. ಚಿಂತಾಮಣಿಯಾಚೆ ಬಿಸಿಲು ಏರಿತು, ಹಂಪುಗಳು ಹೆಚ್ಚಾದವು. ಹಿಂದಿನ ಮೂಲೆಯಿಂದ ಗುಳುಗುಳು ಸದ್ದು ಬರುತ್ತಿದ್ದದ್ದನ್ನು ನಾನು ಕೇಳಿಸಿಕೊಂಡೆ, ಎಂಜಿನ್ನಿನದು ಎಂದುಕೊಂಡೆ.

ಕೆಂಚಾರ್ಲಹಳ್ಳಿ ಬಂತು. ತಂಗಿಯ ಮನೆ ಹಿಪ್ಪುನೇರಳೆ ತೋಟದಾಚೆಗೆ ಕಾಣುತ್ತಿತ್ತು. ಸುಶೀಲಕ್ಕ, "ಅವಳ ಮನೆಗೆ ಹೋದ ತಕ್ಷಣ ಬಚ್ಚಲು ಕೇಳೋದು ಬೇಡ, ಇಲ್ಲೇ ಒಂದು ಸಲ ಹೋಗ್ಬಿಡ್ತೀನಿ" ಎಂದರು. ತೋಟದ ಬದಿಗೆ ಗಾಡಿ ನಿಂತಿತು. ಕಂಡಕ್ಟರಣ್ಣ ಎಂದಿನಂತೆ, "ಇರು, ಮೊದ್ಲು ಚೆಕಿಂಗ್" ಎಂದು ತಾವೇ ಒಳಗೆ ಹೋಗಿ, ಬಗ್ಗಿ, ಮುಚ್ಚಳ ಎಳೆದರು.

ಸದ್ದು ಟೈರ್ ಸಿಡಿದಂತೆ ಬಂತು. ಬಾಷಾ ಸಾಬ್ ನಿಜವಾಗಿಯೂ ಇಳಿದು ಹೋಗಿ ಟೈರ್ ನೋಡಿದರು. ನಾವು ನೋಡಿದ್ದು ಬಾಗಿಲು ತೆರೆದು ಹೊರಬಂದ ಕಂಡಕ್ಟರಣ್ಣನನ್ನು. ಖಾಕಿ ಎಲ್ಲಿ ಮುಗಿದು ಜೀವಾಮೃತ ಎಲ್ಲಿ ಶುರುವಾಗಿದೆ ಹೇಳುವಂತಿರಲಿಲ್ಲ. ಕಿವಿಯ ಪೆನ್ನಿನ ತುದಿಯಿಂದಲೂ ತೊಟ್ಟಿಕ್ಕುತ್ತಿತ್ತು. ಕಣ್ಣೆರಡು ಮಾತ್ರ ಬಿಳಿ. ಅವರು ಸೀಟಿಯನ್ನು ಬಾಯಿಗೆ ತರಲು ಹೋಗಿ, ನೋಡಿ, ಬಿಟ್ಟರು.

ವಾಸನೆ ತೋಟಕ್ಕೆ ಇಳಿಯುವಷ್ಟರಲ್ಲಿ ಲಕ್ಷ್ಮೀದೇವಿಯ ಮಗ ಮಂಜುನಾಥ ಸಾಲುಗಳ ನಡುವಿನಿಂದ ಓಡಿ ಬಂದ. "ದೊಡ್ಡಪ್ಪಾ, ಅಲ್ಲೇ ನಿಲ್ಲಿ! ಬರಬ್ಯಾಡಿ! ಹುಳ ಹಣ್ಣಾಗ್ತಾ ಐತೆ, ಇವತ್ತು ಚಂದ್ರಿಕೆಗೆ ಬಿಡ್ತಾ ಇದ್ದೀವಿ. ಈ ನಾತ ಹೊಡುದ್ರೆ ಒಂದೂ ಗೂಡು ಕಟ್ಟಲ್ಲ!" ಎಂದು ಕೈ ಅಡ್ಡ ಹಿಡಿದ. ತಪ್ಪು ಅವನದಲ್ಲ. ಹಣ್ಣಾದ ಹುಳಗಳನ್ನು ಚಂದ್ರಿಕೆಯೆಂಬ ಬಿದಿರಿನ ತಟ್ಟೆಗೆ ಬಿಟ್ಟು ಗೂಡು ಕಟ್ಟಿಸುವ ಹೊತ್ತಿಗೆ ಅವಕ್ಕೆ ಒಗ್ಗರಣೆಯ ಘಾಟು ಕೂಡ ಆಗದು. ಅಂಥ ದಿನ ಹೊಸಬರನ್ನು ಅಂಗಳಕ್ಕೂ ಬಿಡುವುದಿಲ್ಲ, ಮನೆಯವರೂ ಊರು ಬಿಟ್ಟು ಹೋಗುವುದಿಲ್ಲ.

ಸುಶೀಲಕ್ಕ ಮೆಟ್ಟಿಲ ಮೇಲೆ ನಿಂತಿದ್ದರು. ಕಕ್ಕಸ್ಸು ಕೆಟ್ಟಿತ್ತು, ಕುಡಿದ ಬಾಟಲಿ ನೀರು ಹೊಟ್ಟೆಯಲ್ಲಿತ್ತು, ಎದುರಿಗೆ ತಂಗಿಯ ಬೆಳೆದ ಮಗ. ಮುಖ ಕೆಂಪಾಗಿ, "ನಡೀರಿ ಮನೆಗೆ. ನನ್ನ ಹಣೇಲಿ ಬರೆದಿಲ್ಲ. ನಡೀರಿ" ಎಂದು ಅಳಲು ಶುರು ಮಾಡಿದರು. ಎಷ್ಟೋ ವರ್ಷಗಳ ಮೇಲೆ ಬಂದು, ತಂಗಿಯ ಮನೆಯ ಹೆಂಚು ಕಾಣುವ ಜಾಗದಿಂದ ತಿರುಗಿ ಹೋಗುವುದೆಂದರೆ! ಕಂಡಕ್ಟರಣ್ಣ ಹತ್ತಿರ ಬಂದು ಸಮಾಧಾನ ಮಾಡುವಂತೆಯೂ ಇರಲಿಲ್ಲ. ದೂರದಲ್ಲೇ ನಿಂತು, "ತಪ್ಪಾಯ್ತು ಕಣೇ, ತಪ್ಪಾಯ್ತು" ಎನ್ನುತ್ತಿದ್ದರು.

ಅಷ್ಟರಲ್ಲಿ ಲಕ್ಷ್ಮೀದೇವಿ ಬಂದರು. ಮಗನನ್ನು ಪಕ್ಕಕ್ಕೆ ತಳ್ಳಿ, ಭಾವನ ಕಡೆ ಒಮ್ಮೆ ನೋಡಿ, ಮೂಗು ಮುಚ್ಚಿ, ನೇರ ಅಕ್ಕನ ಹತ್ತಿರ. "ಇಷ್ಟು ದೂರ ಬಂದು ಯಾಕೆ ಅಳ್ತೀಯೇ?" ಅಕ್ಕ ತಂಗಿಯ ಕಿವಿಯಲ್ಲಿ ಏನೋ ಹೇಳಿದರು. ತಂಗಿ ಎರಡು ಹೆಜ್ಜೆ ಹಿಂದೆ ಸರಿದು ಅಕ್ಕನ ಮುಖವನ್ನೇ ನೋಡಿದರು. ಆಮೇಲೆ ತವರಿನ ತೆಲುಗು ತಾನಾಗಿ ಬಂತು. "ನೀಕು ಕೂಡಾನಾ ಅಕ್ಕಾ?" ನಿನಗೂನಾ? ಅಷ್ಟೇ. ಕೈ ಹಿಡಿದು, ಆಳುದ್ದ ಬೆಳೆದ ಹಿಪ್ಪುನೇರಳೆ ಸಾಲಿನೊಳಗೆ ಎಳೆದುಕೊಂಡು ಹೋದರು. ಮಂಜುನಾಥ ಏನೂ ತಿಳಿಯದೆ ಆಕಾಶ ನೋಡಿದ.

ಇಬ್ಬರೂ ಹೊರಬರಲು ಬಹಳ ಹೊತ್ತಾಯಿತು. ಒಳಗಿನಿಂದ ಅಳು ಕೇಳಿತು, ನಗು ಕೇಳಿತು, ಯಾರದು ಯಾವುದೋ ಗೊತ್ತಾಗಲಿಲ್ಲ. ಬಂದ ಮೇಲೆ ಲಕ್ಷ್ಮೀದೇವಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇವಳಿಗೆ ಮಂಡಿನೋವೂ ಇಲ್ಲ, ನನಗೆ ಹುಳಾನೂ ಅಡ್ಡಿಯಿಲ್ಲ. ನಾನೂ ಬಸ್ಸಿಗೆ ಹೆದ್ರಿಕೊಂಡೇ ಕೂತಿದ್ದೆ. ಇವಳಿಗೆ ಪೇಟೆ ಸೊಕ್ಕು ಅಂತ ಬೈಕೊಂಡು ಕೂತಿದ್ದೆ."

ಕಂಡಕ್ಟರಣ್ಣ ಅಲ್ಲೇ ಬದುವಿನ ಮೇಲೆ ಕುಸಿದು ಕೂತರು. "ನಿಮ್ಮಿಬ್ಬರ ಮನೆ ಮಧ್ಯೆ ಇಷ್ಟು ವರ್ಷ ಅವರೆಕಾಯಿ ಹೊತ್ತೆನಲ್ಲಮ್ಮಾ. ಒಂದು ಮಾತು ನನಗೆ ಹೇಳಬಾರದಾಗಿತ್ತಾ?"

"ಭಾವನ ಹತ್ರ ಅದನ್ನೆಲ್ಲಾ ಹೇಳ್ತಾರಾ?" ಎಂದರು ಲಕ್ಷ್ಮೀದೇವಿ. ಆಮೇಲೆ ಗಾಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದನ್ನ ತೊಳೆಯೋಕೆ ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ನಾನು ಸೀರೆ ತುಂಬ್ಕೊಂಡು ಬರ್ತೀನಿ" ಎಂದರು.

ಮಂಜುನಾಥ ಬೆಚ್ಚಿಬಿದ್ದ. "ಅಮ್ಮಾ, ಹುಳ ಹಣ್ಣಾಗೋ ದಿನ ಮನೆ ಬಿಟ್ಟು ಹೋಗ್ತಾರಾ ಯಾರಾದ್ರೂ?"

"ಗೂಡು ಅದು ಕಟ್ಕೊಳ್ಳುತ್ತೆ ಕಣೋ, ನಾನೇನು ಕಟ್ಟೋದು? ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ."

ಊರಾಚೆಯ ಬೋರ್‌ವೆಲ್ ಹತ್ತಿರ ಗಾಡಿಯನ್ನೂ ಅದರ ಒಡೆಯರನ್ನೂ ಬಾಷಾ ಸಾಬ್ ಒಂದೇ ಪೈಪಿನಲ್ಲಿ ತೊಳೆದರು. ಟ್ಯಾಂಕಿಗೆ ಬರೀ ನೀರು ಹಾಕಿಕೊಂಡು, ಬಿಸಿಲು ಇಳಿದ ಮೇಲೆ ಹೊರಟೆವು. ಚಿಂತಾಮಣಿಯ ಈಚೆ ಗಾಡಿ ಮತ್ತೆ ನಿಂತಿತು. ಕಂಡಕ್ಟರಣ್ಣ ಮಂಜುನಾಥನ ಲುಂಗಿ ಸುತ್ತಿಕೊಂಡು, ಅವನ ಬನಿಯನ್ನಿನಲ್ಲಿ ಹೊಟ್ಟೆ ಬಿಗಿಹಿಡಿದು, ಗಾಡಿಯ ಕಡೆ ಬೆನ್ನು ಮಾಡಿ ಬಾಗಿಲಿಗೆ ಕಾವಲು ನಿಂತಿದ್ದರು. ಹಿಂದೆ ಬಂದ ಬಸ್ಸಿನವನು ಹಾರನ್ ಹೊಡೆದರೆ, "ತಾಳಯ್ಯಾ, ಹೆಂಗಸ್ರು ಇದ್ದಾರೆ!" ಎಂದು ಗದರಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ. ಗಾಡಿಯೊಳಗೆ ಆ ಬೀರುವಿನಷ್ಟು ಕೋಣೆಯ ಮುಂದೆ ಇಬ್ಬರು ಮುದುಕಿಯರು ಜಗಳಕ್ಕೆ ಬಿದ್ದಿದ್ದರು. "ನೀನು ಚಿಕ್ಕೋಳು, ಮೊದ್ಲು ನೀನು ಹೋಗೇ." "ಇಲ್ಲ ಅಕ್ಕಾ, ದೊಡ್ಡೋಳು, ನೀನು ಹೋಗು."